ಅಮ್ಮನ ಮಂಡಿ ಆಪರೇಷನ್ ಮತ್ತು ನಮ್ಮ ಮನೆಯ ಪಾಳಿ ಪಟ್ಟಿ

ಆಪರೇಷನ್ ಮಾಡುವುದು ಡಾಕ್ಟರು. ಅದು ಒಂದೆರಡು ಗಂಟೆಯ ಕೆಲಸ. ಆಸ್ಪತ್ರೆಯಲ್ಲಿ ಇರುವುದು ನಾಲ್ಕೈದು ದಿನ. ಆಮೇಲಿನ ಮೂರು ತಿಂಗಳು ಪೂರ್ತಿ ಮನೆಯವರದ್ದು. ಆ ಮೂರು ತಿಂಗಳ ಬಗ್ಗೆ ಮಾತ್ರ ಯಾರೂ ಮೊದಲೇ ಕೂತು ಮಾತಾಡುವುದಿಲ್ಲ. ನಮ್ಮ ಮನೆಯಲ್ಲಿ ಮಾತಾಡಿದೆವು. ಮನೆಯ ಹಿರಿಯರಿಗೆ ಮಂಡಿ ಕೀಲು ಬದಲಾಯಿಸಬೇಕು ಅಂತ ಹೇಳಿಸಿಕೊಂಡು ಬಂದು ಈಗ ಮುಂದೇನು ಅಂತ ಕೂತಿರುವವರಿಗೆ ಉಪಯೋಗವಾಗಲಿ ಅಂತ ನಡೆದದ್ದನ್ನು ಬರೆಯುತ್ತಿದ್ದೇನೆ.

ನನ್ನ ತವರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿಯಿಂದ ಒಳಗೆ. ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಅವರ ಮಗ ಅಲ್ಲಿದ್ದಾರೆ. ಅಡಿಕೆ ತೋಟ, ಸ್ವಲ್ಪ ಗದ್ದೆ, ಹಸು. ನಾನು ಶಿವಮೊಗ್ಗದಲ್ಲಿ ಟೀಚರ್. ತಮ್ಮ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ.

ಅಮ್ಮನ ಬಲ ಮಂಡಿ ಸವೆದು ವರ್ಷಗಳೇ ಆಗಿದ್ದವು. ಮೊದಲು ತೋಟಕ್ಕೆ ಇಳಿಯುವುದು ಬಿಟ್ಟಳು. ಆಮೇಲೆ ಊರಿನ ಮದುವೆ ಮುಂಜಿ ಬಿಟ್ಟಳು. ರಾತ್ರಿ ಮಗ್ಗಲು ಬದಲಾಯಿಸಿದರೂ ನೋವು ಅನ್ನುವಲ್ಲಿಗೆ ಬಂದಾಗ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ತೋರಿಸಿದೆವು. ಎಕ್ಸ್‌ರೇ ನೋಡಿದ ಡಾಕ್ಟರು, ಮೂಳೆಗೆ ಮೂಳೆ ತಾಗುತ್ತಿದೆ, ಬದಲಾಯಿಸುವುದೇ ದಾರಿ, ಆದರೆ ಇದು ನಾಳೆಯೇ ಮಾಡಬೇಕಾದ ಆಪರೇಷನ್ ಅಲ್ಲ, ನಿಮಗೆ ಅನುಕೂಲವಾದ ಸಮಯ ಹೇಳಿ ಅಂದರು. ಆ ಒಂದು ಮಾತು ನಮಗೆ ದೊಡ್ಡ ಉಪಕಾರ ಮಾಡಿತು. ಬಿದ್ದು ಸೊಂಟ ಮುರಿದುಕೊಂಡವರ ಮನೆಯವರಿಗೆ ಇಷ್ಟು ಪುರಸೊತ್ತು ಸಿಗುವುದಿಲ್ಲ.

ಸಮಯ ಅಂದ ತಕ್ಷಣ ಮಲೆನಾಡಿನ ಮನೆಯಲ್ಲಿ ಮೊದಲು ನೋಡುವುದು ಅಡಿಕೆಯನ್ನು, ಆಮೇಲೆ ಮಳೆಯನ್ನು. ಕೊಯ್ಲು ಶುರುವಾದರೆ ಜನವರಿವರೆಗೆ ಯಾರಿಗೂ ಕೂರಲು ಬಿಡುವಿಲ್ಲ. ಕೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು, ಚಪ್ಪರದ ಮೇಲೆ ಹರಡುವುದು, ಕೆಲಸದವರಿಗೆ ಕಾಫಿ ತಿಂಡಿ. ಜೂನ್ ಬಂದರೆ ಅಂಗಳ ಪೂರ್ತಿ ಪಾಚಿ, ಗಟ್ಟಿ ಕಾಲಿನವರೇ ಜಾರುತ್ತಾರೆ, ವಾಕರ್ ಹಿಡಿದವರು ಎಲ್ಲಿ ಓಡಾಡುವುದು? ಹಾಗಾಗಿ ಫೆಬ್ರವರಿ ಅಂತ ತೀರ್ಮಾನ ಮಾಡಿದೆವು. ಅಡಿಕೆ ಕೆಲಸ ಮುಗಿದಿರುತ್ತೆ, ಮಳೆಗೆ ಇನ್ನೂ ಮೂರ್ನಾಲ್ಕು ತಿಂಗಳಿರುತ್ತೆ, ಅಷ್ಟರಲ್ಲಿ ಕಾಲು ಒಂದು ಹದಕ್ಕೆ ಬರುತ್ತೆ.

ಸಂಕ್ರಾಂತಿಗೆ ಎಲ್ಲರೂ ಊರಲ್ಲಿ ಸೇರಿದಾಗ ವಿಷಯ ತೆಗೆದೆ. ಎಲ್ಲರದ್ದೂ ಒಂದೇ ಮಾತು, ನಾವಿದ್ದೀವಲ್ಲ, ಯಾಕೆ ಹೆದರುತ್ತೀರಿ. ಮನಸ್ಸಿನಿಂದಲೇ ಹೇಳಿದರು, ಅದರಲ್ಲಿ ಅನುಮಾನವಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಅಮ್ಮನನ್ನು ಟಾಯ್ಲೆಟ್ಟಿಗೆ ಎಬ್ಬಿಸುವುದು ಯಾರು ಅಂತ ಕೇಳಿದರೆ ಜಗಲಿಯಲ್ಲಿ ಮಾತೇ ಇಲ್ಲ. ಮಾತಿಲ್ಲದಿದ್ದರೂ ಉತ್ತರ ಎಲ್ಲರ ತಲೆಯಲ್ಲೂ ಇತ್ತು: ಮನೆಯಲ್ಲಿ ಅತ್ತಿಗೆ ಇದ್ದಾರಲ್ಲ.

ಅತ್ತಿಗೆಯನ್ನು ಯಾರೂ ಕೇಳಿರಲಿಲ್ಲ. ಸಂಜೆ ಅಡುಗೆಮನೆಯಲ್ಲಿ ನಾನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಕೇಳಿದೆಯಲ್ಲ, ಅದಕ್ಕೆ ಹೇಳ್ತೀನಿ ಕಣೇ. ಹಗಲು ಏನು ಬೇಕಾದರೂ ಮಾಡ್ತೀನಿ. ರಾತ್ರಿ ಮಾತ್ರ ನನ್ನ ಕೈಲಾಗಲ್ಲ" ಅಂದರು. ಮಗನಿಗೆ ಮಾರ್ಚಿನಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ. ಬೆಳಗಿನ ಜಾವ ಎದ್ದು ಹಾಲು ಕರೆಯುವುದು, ತಿಂಡಿ, ಅವನನ್ನು ಬಸ್ಸಿಗೆ ಕಳಿಸುವುದು. ಅದರ ಮೇಲೆ ರಾತ್ರಿ ನಿದ್ದೆಯೂ ಇಲ್ಲ ಅಂದರೆ ಒಂದು ವಾರದಲ್ಲಿ ಅವರೇ ಹಾಸಿಗೆ ಹಿಡಿಯುತ್ತಿದ್ದರು. ಇದು ಮೊದಲೇ ಗೊತ್ತಾಗಿದ್ದು ಎಷ್ಟು ಒಳ್ಳೆಯದಾಯಿತು! ಮನೆಯಲ್ಲೇ ಇರುವ ಹೆಂಗಸಿನ ಮೇಲೆ ಎಲ್ಲ ಕೆಲಸವೂ ತಾನಾಗಿ ಬೀಳುತ್ತೆ, ಅವರು ಬೇಡ ಅನ್ನಲು ಜಾಗವೇ ಇರುವುದಿಲ್ಲ. ದಯವಿಟ್ಟು ಅವರನ್ನು ಮೊದಲು ಕೇಳಿ, ಅದೂ ಎಲ್ಲರ ಮುಂದೆ ಅಲ್ಲ.

ಆಮೇಲೆ ಅಮ್ಮನನ್ನು ಕೇಳಿದೆ. ಸ್ನಾನ, ಟಾಯ್ಲೆಟ್, ಬಟ್ಟೆ ಬದಲಾಯಿಸುವುದು, ಇದಕ್ಕೆ ಯಾರಿದ್ದರೆ ನಿನಗೆ ಸಂಕೋಚ ಆಗಲ್ಲ? ಅವಳು ಗಂಡುಮಕ್ಕಳು ಬೇಡವೇ ಬೇಡ ಅಂದಳು. ನಾನು ಇರುತ್ತೇನೆ ಅಂದರೆ ನಿನಗೆ ಶಾಲೆ ಇದೆಯಲ್ಲ ಅಂದಳು. ಕೊನೆಗೆ ಮೆಲ್ಲಗೆ, ತಂಗಿ ಬಂದರೆ ಆಗುತ್ತಿತ್ತು ಅಂದಳು. ಕೊಪ್ಪದ ಹತ್ತಿರ ಇರುವ ಚಿಕ್ಕಮ್ಮ. ಅವರ ಹೆಸರು ನಮ್ಮ ಯಾರ ತಲೆಗೂ ಬಂದಿರಲಿಲ್ಲ. ಅವರಿಗೂ ವಯಸ್ಸಾಯಿತು, ಮನೆಯಲ್ಲಿ ಒಬ್ಬರೇ, ಒಂದು ಹಸು ಬೇರೆ. ಫೋನ್ ಮಾಡಿದರೆ, "ಅಕ್ಕ ನನ್ನ ಎರಡು ಬಾಣಂತನ ಮಾಡಿದ್ದಾಳೆ. ನೀವು ಕರೆಯದೇ ಇದ್ದಿದ್ದರೆ ಬೇಜಾರಾಗುತ್ತಿತ್ತು" ಅಂದರು. ಅವರ ಹಸುವಿಗೆ ಹುಲ್ಲು ಹಾಕಿ ಹಾಲು ಕರೆಯಲು ಪಕ್ಕದ ಮನೆಯವರನ್ನು ಒಪ್ಪಿಸಿದೆವು. ಅದರ ಖರ್ಚು ನಮ್ಮದು ಅಂತ ತಮ್ಮ ಮೊದಲೇ ಹೇಳಿದ. ಸಹಾಯಕ್ಕೆ ಬರುವವರಿಗೂ ಅವರ ಮನೆಯಲ್ಲಿ ಸಹಾಯ ಬೇಕಾಗುತ್ತೆ. ಇದನ್ನು ನಾವೇ ನೋಡಿಕೊಂಡರೆ ಬಂದವರು ನೆಮ್ಮದಿಯಾಗಿ ಇರುತ್ತಾರೆ.

ಮಾರನೆಯ ದಿನ ಒಂದು ಹಾಳೆ ತಗೊಂಡು ಕೂತೆವು. ಸಹಾಯ ಅಂತ ಬರೆಯಲಿಲ್ಲ. ಒಂದೊಂದೇ ಕೆಲಸ ಬರೆದು ಅದರ ಮುಂದೆ ಹೆಸರು ಬರೆದೆವು. ಮಾತ್ರೆ ಕೊಡುವುದು, ಐಸ್ ಇಡುವುದು, ದಿನಕ್ಕೆ ಮೂರು ಸಲ ವ್ಯಾಯಾಮ ಮಾಡಿಸುವುದು, ಅಡುಗೆ, ಬಟ್ಟೆ, ರಾತ್ರಿ, ಕಾರು, ಆಸ್ಪತ್ರೆಗೆ ಫೋನ್, ನೋಡಲು ಬರುವವರಿಗೆ ಕಾಫಿ. ಬರೆಯುತ್ತಾ ಹೋದ ಹಾಗೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಅಮ್ಮ ಕುಂಟುತ್ತಾ ಕುಂಟುತ್ತಾ ಮಾಡುತ್ತಿದ್ದ ಕೆಲಸಗಳೂ ನಿಲ್ಲುತ್ತವಲ್ಲ? ಅಪ್ಪನಿಗೆ ಬಿಪಿ ಮಾತ್ರೆ ನೆನಪಿಸುವುದು, ದೇವರಿಗೆ ಹೂ ಕೊಯ್ಯುವುದು, ಮಜ್ಜಿಗೆ ಕಡೆಯುವುದು, ಕರುವಿಗೆ ಕಲಗಚ್ಚು. ಅವನ್ನೂ ಪಟ್ಟಿಗೆ ಸೇರಿಸಿದೆವು. ಅಣ್ಣನ ಮಗ ತಾನು ಹೂ ಕೊಯ್ದು ಕೊಡುತ್ತೇನೆ ಅಂದ. ಅಪ್ಪ ತಮ್ಮ ಮಾತ್ರೆ ತಾವೇ ನೋಡಿಕೊಳ್ಳುತ್ತೇನೆ ಅಂದರು.

ದುಡ್ಡಿನ ಮಾತೂ ಅಲ್ಲೇ ಆಯಿತು. ಮಂಡಿಗೆ ಹಾಕುವ ಇಂಪ್ಲಾಂಟಿಗೆ 2017ರಲ್ಲಿ ಕೇಂದ್ರ ಸರ್ಕಾರ ಬೆಲೆ ಮಿತಿ ಹಾಕಿದೆ. ಆಸ್ಪತ್ರೆಯವರು ಒಟ್ಟು ಖರ್ಚಿನ ಅಂದಾಜನ್ನೂ ಮೊದಲೇ ಕೊಟ್ಟಿದ್ದರು. ಲೆಕ್ಕಕ್ಕೆ ಸಿಗದೇ ಇರುವುದು ಆಮೇಲಿನ ಖರ್ಚು. ಫಿಸಿಯೋ ಫೀಸು, ಕಮೋಡ್ ಕುರ್ಚಿ, ಕಾರಿನ ಪೆಟ್ರೋಲು, ತೋಟಕ್ಕೆ ಜಾಸ್ತಿ ಆಳು. ಅಣ್ಣ ಮನೆ ರಿಪೇರಿ ನೋಡಿಕೊಂಡ, ತಮ್ಮ ಫಿಸಿಯೋ ಮತ್ತು ಕಾರು, ನಾನು ಔಷಧಿ. ಮೂವರೂ ಬಾಯಿ ಬಿಟ್ಟು ಮಾತಾಡಿದ್ದರಿಂದ ಆಮೇಲೆ ಒಂದು ದಿನವೂ ದುಡ್ಡಿನ ವಿಷಯಕ್ಕೆ ಮುಖ ಸಣ್ಣದಾಗಲಿಲ್ಲ.

ಆಪರೇಷನ್ನಿಗೆ ಮುಂಚೆಯೇ ಮುಗಿಸಬೇಕಾದ ಕೆಲಸ ಬಹಳ ಇತ್ತು. ಅಮ್ಮನಿಗೆ ಶುಗರ್ ಇದೆ, ಅದು ಹತೋಟಿಗೆ ಬಂದ ಮೇಲೆಯೇ ದಿನ ಕೊಡುತ್ತೇನೆ ಅಂದಿದ್ದರು ಡಾಕ್ಟರು. ಹುಳುಕು ಹಲ್ಲು ಕೀಳಿಸಬೇಕು, ಮೂತ್ರ ಪರೀಕ್ಷೆ ಮಾಡಿಸಬೇಕು, ಯಾಕೆಂದರೆ ಮೈಯಲ್ಲಿ ಎಲ್ಲೇ ಸೋಂಕಿದ್ದರೂ ಅದು ರಕ್ತದ ಜೊತೆ ಹೋಗಿ ಹೊಸ ಕೀಲಿನಲ್ಲಿ ಕೂರಬಹುದಂತೆ. ಅಣ್ಣ ಅವಳನ್ನು ತೀರ್ಥಹಳ್ಳಿಗೆ ಕರೆದುಕೊಂಡು ಹೋಗಿ ಅವೆಲ್ಲ ಮುಗಿಸಿದ. ಹಾಗೇ ಮನೆ ಕೆಲಸ. ನಮ್ಮದು ಹಳೇ ಮನೆ, ಟಾಯ್ಲೆಟ್ ಹಿತ್ತಲಲ್ಲಿ, ಕುಕ್ಕರಗಾಲಲ್ಲಿ ಕೂರುವಂಥದ್ದು. ಮಂಡಿ ಬದಲಾಯಿಸಿದ ಮೇಲೆ ಕುಕ್ಕರಗಾಲಲ್ಲಿ ಕೂರುವುದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕುವುದು ಬೇಡ ಅಂದಿದ್ದರು. ಬಚ್ಚಲುಮನೆಯ ಪಕ್ಕದ ಸೌದೆ ಕೋಣೆಯನ್ನೇ ಖಾಲಿ ಮಾಡಿ ಕಮೋಡ್ ಕೂರಿಸಿದರು. ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಪೈಪು. ಬಚ್ಚಲ ಕಲ್ಲಿನ ಮೇಲೆ ಜಾರದ ಹಾಗೆ ರಬ್ಬರ್ ಮ್ಯಾಟು. ಬಾಗಿಲಲ್ಲಿ ಕಾಲೊರಸಲು ಹಾಕಿದ್ದ ಗೋಣಿಚೀಲ ಎಲ್ಲ ತೆಗೆದರು, ಅದಕ್ಕೆ ವಾಕರ್ ಸಿಕ್ಕಿಕೊಳ್ಳುತ್ತೆ. ಮಂಚಕ್ಕೆ ಮರದ ತುಂಡು ಕೊಟ್ಟು ಎತ್ತರ ಮಾಡಿದರು. ತಗ್ಗಾದ ಮಂಚದಿಂದ, ತಗ್ಗಾದ ಕುರ್ಚಿಯಿಂದ ಏಳುವುದು ಬಹಳ ಕಷ್ಟ.

ಎಲ್ಲಿ ಇರಬೇಕು ಅನ್ನುವುದಕ್ಕೆ ಮಾತ್ರ ಚರ್ಚೆ ಜೋರಾಗಿ ಆಯಿತು. ಅಮ್ಮನಿಗೆ ಸೀದಾ ಊರಿಗೆ ಹೋಗುವ ಆಸೆ. ಆದರೆ ಊರಿಂದ ಶಿವಮೊಗ್ಗಕ್ಕೆ ಹತ್ತಿರ ಹತ್ತಿರ ಎರಡು ಗಂಟೆ ದಾರಿ. ಗಾಯ ಸೋರಿದರೆ, ಜ್ವರ ಬಂದರೆ ರಾತ್ರಿ ಅಷ್ಟು ದೂರ ಬರಬೇಕು. ಹೊಲಿಗೆ ಬಿಚ್ಚುವ ತನಕ, ಅಂದರೆ ಸುಮಾರು ಎರಡು ವಾರ, ಶಿವಮೊಗ್ಗದಲ್ಲಿ ನಮ್ಮ ಮನೆ. ಆಮೇಲೆ ಊರು. ನಮ್ಮದು ನೆಲಮಹಡಿ, ಟಾಯ್ಲೆಟ್ ರೂಮಿಗೆ ಅಂಟಿಕೊಂಡೇ ಇದೆ, ಫಿಸಿಯೋ ಮನೆಗೇ ಬರುತ್ತಾರೆ. ಅಮ್ಮ ಒಪ್ಪಿದಳು.

ಆಪರೇಷನ್ ಸುಸೂತ್ರವಾಗಿ ಆಯಿತು. ಮಾರನೆಯ ದಿನವೇ ವಾಕರ್ ಕೊಟ್ಟು ನಿಲ್ಲಿಸಿದರು, ನಾಲ್ಕು ಹೆಜ್ಜೆ ಹಾಕಿಸಿದರು. ಆಸ್ಪತ್ರೆಯಲ್ಲಿ ಇದ್ದಾಗಲೇ ಫಿಸಿಯೋ ಹತ್ತಿರ ಚಿಕ್ಕಮ್ಮನನ್ನೂ ನನ್ನನ್ನೂ ನಿಲ್ಲಿಸಿ ಕಲಿಸಿ ಅಂತ ಕೇಳಿಕೊಂಡೆ. ಇದು ನಾವು ಮಾಡಿದ ಅತಿ ಒಳ್ಳೆಯ ಕೆಲಸ. ಚಿಕ್ಕಮ್ಮನಿಗೆ ಅಕ್ಕನನ್ನು ಎತ್ತಬೇಕಾಗುತ್ತೆ ಅಂತ ಹೆದರಿಕೆ ಇತ್ತು. ಎತ್ತುವ ಹಾಗೇ ಇಲ್ಲ ಅಂದರು. ಕೈ ಹಿಡಿದು ಎಳೆಯಬಾರದು, ಅವರೇ ಕುರ್ಚಿಯ ಕೈಯನ್ನು ಒತ್ತಿಕೊಂಡು ಏಳಬೇಕು, ನಾವು ಆಪರೇಷನ್ ಆದ ಕಾಲಿನ ಪಕ್ಕದಲ್ಲಿ ನಿಂತು ಸೊಂಟದ ಹತ್ತಿರ ಆಸರೆ ಕೊಟ್ಟರೆ ಸಾಕು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಊರಿನ ಮನೆಯ ಮೆಟ್ಟಿಲುಗಳಿಗೆ, ಎತ್ತರದ ಹೊಸ್ತಿಲುಗಳಿಗೆ ಈ ಒಂದು ಮಾತು ಎಷ್ಟು ಉಪಯೋಗಕ್ಕೆ ಬಂತು ಅಂದರೆ, ಅಣ್ಣನ ಮಗ ಸೀಮೆಸುಣ್ಣದಲ್ಲಿ ಕಂಬದ ಮೇಲೆ ಬರೆದಿಟ್ಟಿದ್ದ.

ರಾತ್ರಿ ಹೊತ್ತಿಗೆ ಅಂತ ಒಂದು ಏಜೆನ್ಸಿಯಲ್ಲಿ ಹೋಂ ನರ್ಸ್ ಗೊತ್ತು ಮಾಡಿ ಅಡ್ವಾನ್ಸ್ ಕೊಟ್ಟಿದ್ದೆವು. ಡಿಸ್ಚಾರ್ಜ್ ದಿನ ಮಧ್ಯಾಹ್ನ ಫೋನ್ ಮಾಡಿ ಯಾರೂ ಬರಲ್ಲ ಅಂದುಬಿಟ್ಟರು. ನನಗೆ ವಿಪರೀತ ಸಿಟ್ಟು ಬಂತು. ಆದರೆ ಪಟ್ಟಿ ಇತ್ತಲ್ಲ, ರಾತ್ರಿ ಅನ್ನುವ ಒಂದು ಸಾಲಿನ ಮುಂದೆ ಹೆಸರು ಬದಲಾಯಿಸಿದರೆ ಸಾಕಿತ್ತು. ತಮ್ಮ ರಾತ್ರಿ ಬಸ್ಸು ಹತ್ತಿ ಬಂದ. ಲ್ಯಾಪ್‌ಟಾಪ್ ತಂದು ನಮ್ಮ ಮನೆಯಲ್ಲೇ ಕೂತು ಕೆಲಸ ಮಾಡಿದ. ರಾತ್ರಿ ಹನ್ನೆರಡರ ತನಕ ಅವನು, ಆಮೇಲೆ ನಾನೋ ನಮ್ಮ ಮನೆಯವರೋ. ಚಿಕ್ಕಮ್ಮ ಅದೇ ರೂಮಿನಲ್ಲಿ ಮಲಗಿದ್ದರು, ಟಾಯ್ಲೆಟ್ಟಿಗೆ ಏಳಬೇಕಾದಾಗ ಮಾತ್ರ ಅವರನ್ನು ಎಬ್ಬಿಸುವುದು. ಮಾತ್ರೆ, ನೀರು, ಐಸ್, ಕಾಲಿನ ಕೆಳಗೆ ಟವೆಲ್ ಸರಿ ಮಾಡುವುದು ಎಲ್ಲ ಪಾಳಿಯವರದ್ದು. ರಾತ್ರಿಯಲ್ಲಿ ನೋವು ಜಾಸ್ತಿ. ಮೊದಲ ಕೆಲವು ರಾತ್ರಿ ಅಮ್ಮ ಯಾಕಾದರೂ ಮಾಡಿಸಿಕೊಂಡೆನೋ ಅಂತ ಅತ್ತಳು. ಆ ಹೊತ್ತಿಗೆ ಪಕ್ಕದಲ್ಲಿ ಇರುವವರಿಗೆ ನಿದ್ದೆ ಆಗಿರಬೇಕು. ನಿದ್ದೆಗೆಟ್ಟವರು ಸಿಡುಕುತ್ತಾರೆ, ಸಿಡುಕಿದರೆ ನೋವಲ್ಲಿ ಇರುವವರು ಮುಂದಿನ ಸಲ ಕರೆಯುವುದೇ ಇಲ್ಲ, ಒಬ್ಬರೇ ಏಳಲು ಹೋಗಿ ಬೀಳುತ್ತಾರೆ. ಅದಕ್ಕೇ ಹೇಳುವುದು, ರಾತ್ರಿಯನ್ನು ಒಬ್ಬರ ತಲೆಗೇ ಕಟ್ಟಬೇಡಿ.

ಮಾತ್ರೆಗೆ ಒಂದು ನೋಟ್‌ಬುಕ್ ಇಟ್ಟೆವು. ಕೊಟ್ಟವರು ಸಮಯ ಬರೆದು ಸಹಿ ಹಾಕಬೇಕು. ಬಂದುಹೋಗುವ ಕೈಗಳು ಜಾಸ್ತಿ ಇದ್ದಾಗ ನೋವಿನ ಮಾತ್ರೆ ಎರಡು ಸಲ ಹೋಗಬಹುದು, ರಕ್ತ ಹೆಪ್ಪುಗಟ್ಟದಿರಲು ಕೊಡುವ ಮಾತ್ರೆ ಒಂದು ಸಲವೂ ಹೋಗದಿರಬಹುದು. ಗೋಡೆಯ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದೆ: ಮೀನಖಂಡ ಊದಿ ನೋವು ಬಂದರೆ, ಜ್ವರ ಬಂದರೆ, ಗಾಯದಿಂದ ನೀರೋ ಕೀವೋ ಬಂದರೆ ತಕ್ಷಣ ಆಸ್ಪತ್ರೆಗೆ ಫೋನ್. ಎದೆ ನೋವು, ಉಸಿರು ಕಟ್ಟುವುದು ಆದರೆ ಯಾರನ್ನೂ ಕೇಳುತ್ತಾ ಕೂರದೆ 108. ಕೆಳಗೆ ಆಸ್ಪತ್ರೆಯ ನಂಬರು. ಮನೆಯಲ್ಲಿ ಆ ಹೊತ್ತಿಗೆ ಯಾರೇ ಇದ್ದರೂ ಅವರೇ ತೀರ್ಮಾನ ಮಾಡುವ ಹಾಗೆ ಇರಬೇಕು.

ನೋಡಲು ಬರುವವರ ವಿಷಯ ಹೇಳಲೇಬೇಕು. ನಮ್ಮ ಕಡೆ ಕಾಯಿಲೆ ಬಿದ್ದವರನ್ನು ನೋಡಲು ಹೋಗದಿದ್ದರೆ ಮನಸ್ಸಿಗೆ ಸಮಾಧಾನ ಇರುವುದಿಲ್ಲ, ಅದು ಒಳ್ಳೆಯ ಗುಣವೇ. ಆದರೆ ಬೆಳಗ್ಗೆ ಹತ್ತಕ್ಕೆ ಬಂದವರಿಗೆ ಕಾಫಿ ಮಾಡುವಷ್ಟರಲ್ಲಿ ಹನ್ನೊಂದಕ್ಕೆ ಇನ್ನೊಬ್ಬರು, ಅಮ್ಮ ಎಲ್ಲರಿಗೂ ಕಥೆ ಹೇಳಿ ಹೇಳಿ ಸುಸ್ತು, ವ್ಯಾಯಾಮ ತಪ್ಪಿತು. ಸಂಜೆ ನಾಲ್ಕರಿಂದ ಆರು, ನೆಗಡಿ ಕೆಮ್ಮು ಇರುವವರು ವಾಸಿಯಾದ ಮೇಲೆ ಬನ್ನಿ ಅಂತ ತಮ್ಮ ಎಲ್ಲರಿಗೂ ಮೆಸೇಜ್ ಹಾಕಿದ. ಯಾರೂ ತಪ್ಪು ತಿಳಿಯಲಿಲ್ಲ. ಏನು ತರಲಿ ಅಂತ ಕೇಳಿದವರಿಗೆ ನೇರವಾಗಿ ಹೇಳಿದೆವು. ಒಬ್ಬರು ಒಂದೆಲಗದ ತಂಬುಳಿ ಮತ್ತು ಸೊಪ್ಪಿನ ಪಲ್ಯ ತಂದುಕೊಡುತ್ತಿದ್ದರು. ನೋವಿನ ಮಾತ್ರೆಗೆ ಮಲಬದ್ಧತೆ ಆಗುತ್ತೆ, ಬಾಯಿಗೂ ರುಚಿ ಇರುವುದಿಲ್ಲ, ಆ ಊಟ ಹಿತವಾಗಿತ್ತು. ಇನ್ನೊಬ್ಬರು, ನನ್ನ ಜೊತೆ ಕೆಲಸ ಮಾಡುವವರು, ಮಧ್ಯಾಹ್ನ ಒಂದು ಗಂಟೆ ಬಂದು ಸುಮ್ನೆ ಅಮ್ಮನ ಪಕ್ಕ ಕೂರುತ್ತಿದ್ದರು. ಆ ಒಂದು ಗಂಟೆ ಚಿಕ್ಕಮ್ಮ ಬಾಗಿಲು ಹಾಕಿಕೊಂಡು ಮಲಗುತ್ತಿದ್ದರು. ಅವರಿಗೆ ನಾನು ಯಾವತ್ತೂ ಋಣಿ.

ಪ್ರೀತಿಯಿಂದಲೇ ಬಂದರೂ ಬೇಡ ಅನ್ನಬೇಕಾದ ಸಹಾಯವೂ ಇತ್ತು. ಬಂದವರೆಲ್ಲ ಪಾಪ ಅಂತ ಮಂಡಿ ಕೆಳಗೆ ದಿಂಬು ಇಡುವವರು. ಹಾಗೆ ಇಟ್ಟರೆ ಆಗ ಹಾಯಾಗಿರುತ್ತೆ, ಆದರೆ ಕಾಲು ಬಾಗಿದ ಹಾಗೇ ಉಳಿದುಬಿಡುತ್ತೆ. ಮಂಡಿ ಮಡಚುವುದು ಎಷ್ಟು ಮುಖ್ಯವೋ ನೆಟ್ಟಗಾಗುವುದೂ ಅಷ್ಟೇ ಮುಖ್ಯ ಅಂತ ಫಿಸಿಯೋ ದಿನವೂ ಹೇಳುತ್ತಿದ್ದರು. ಸುತ್ತಿದ ಟವೆಲ್ಲನ್ನು ಹಿಮ್ಮಡಿ ಹತ್ತಿರ ಇಡಬೇಕು, ಮಂಡಿ ಕೆಳಗಲ್ಲ. ಎಣ್ಣೆ ಕಾಯಿಸಿ ತಂದು ತಿಕ್ಕುತ್ತೇನೆ ಅಂದ ದೊಡ್ಡಮ್ಮನಿಗೆ, ಈಗ ಕಾಲು ತಿಕ್ಕುವುದು ಅಪಾಯ ಅಂತ ಕೈಮುಗಿದು ಹೇಳಿದೆ. ಅವರು ಆ ಎಣ್ಣೆಯನ್ನು ಚಿಕ್ಕಮ್ಮನ ಬೆನ್ನಿಗೆ ಹಚ್ಚಿದರು, ಅದು ನಿಜವಾಗಿ ಬೇಕಿತ್ತು.

ಹೊಲಿಗೆ ಬಿಚ್ಚಿದ ಮೇಲೆ ಡಾಕ್ಟರನ್ನು ಕೇಳಿಕೊಂಡು ಊರಿಗೆ ಹೊರಟೆವು. ಕಾರಿನ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ ಕೂರಿಸಿದೆವು. ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆಯಲ್ಲಿ ನಿಲ್ಲಿಸಿ, ಇಳಿಸಿ ಸ್ವಲ್ಪ ನಡೆಸಿ, ಮತ್ತೆ ತೀರ್ಥಹಳ್ಳಿಯಲ್ಲಿ ಒಮ್ಮೆ. ಬಹಳ ಹೊತ್ತು ಕಾಲು ಮಡಚಿ ಕೂರಬಾರದಲ್ಲ.

ಊರಲ್ಲಿ ಬೇರೆಯದೇ ಕಷ್ಟ. ಫಿಸಿಯೋ ವಿಡಿಯೋ ಕಾಲ್ ಮಾಡಿ ನೋಡುತ್ತೇನೆ ಅಂದಿದ್ದರು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಇದು ಗೊತ್ತಿದ್ದರಿಂದ ಶಿವಮೊಗ್ಗದಲ್ಲೇ ಅವರ ಅನುಮತಿ ಕೇಳಿ ಎಲ್ಲ ವ್ಯಾಯಾಮದ ವಿಡಿಯೋ ಮಾಡಿಕೊಂಡಿದ್ದೆ. ವಾರಕ್ಕೊಮ್ಮೆ ತೀರ್ಥಹಳ್ಳಿಯಲ್ಲಿ ಒಬ್ಬ ಫಿಸಿಯೋ ಹತ್ತಿರ ಅಣ್ಣ ಕರೆದುಕೊಂಡು ಹೋಗುತ್ತಿದ್ದ. ಉಳಿದ ದಿನ ಮನೆಯಲ್ಲೇ. ಮೂರನೇ ವಾರದಲ್ಲಿ ಅಮ್ಮ ಸಾಕು ಅಂತ ನಿಲ್ಲಿಸಿಬಿಟ್ಟಳು. ಮಡಚಿದರೆ ಪ್ರಾಣ ಹೋಗುತ್ತೆ, ನಡೆಯಲು ಬಂತಲ್ಲ, ಇನ್ನೇನು ಬೇಕು? ಈ ಘಟ್ಟ ತುಂಬಾ ಜನರಿಗೆ ಬರುತ್ತಂತೆ, ಇಲ್ಲಿ ಬಿಟ್ಟರೆ ಕೀಲು ಬಿಗಿದುಕೊಳ್ಳುತ್ತೆ. ನಾವು ಯಾರು ಹೇಳಿದರೂ ಕೇಳದವಳು ಅಪ್ಪನ ಮಾತು ಕೇಳಿದಳು. ಅಪ್ಪ ದಿನಕ್ಕೆ ಮೂರು ಹೊತ್ತು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಗೋಡೆ ಗಡಿಯಾರ ನೋಡುತ್ತಾ ಎಣಿಸುತ್ತಿದ್ದರು. ಹತ್ತಾಯಿತು, ಇನ್ನು ಐದು. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಅವರ ಬಿಪಿ ಮಾತ್ರೆ ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ. ಇದನ್ನು ಅವರೇ ಹುಡುಕಿಕೊಂಡರು.

ಏಪ್ರಿಲ್ ಹೊತ್ತಿಗೆ ಅಮ್ಮ ಕೋಲು ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದಳು. ಪರೀಕ್ಷೆ ಮುಗಿದಿತ್ತು, ನನಗೂ ಬೇಸಿಗೆ ರಜೆ. ಸಂಕ್ರಾಂತಿಯ ಹಾಳೆಯಲ್ಲಿ ಬರೆದ ಹಾಗೆಯೇ ನಾನು ಊರಿಗೆ ಹೋಗಿ ನಿಂತೆ, ಅತ್ತಿಗೆ ಮಗನನ್ನು ಕರೆದುಕೊಂಡು ತವರಿಗೆ ಹೋದರು. ಬೇಗ ಬಂದುಬಿಡುತ್ತೇನೆ ಅಂದವರಿಗೆ ಅಮ್ಮನೇ, "ನಿಧಾನಕ್ಕೆ ಬಾ, ಇಲ್ಲಿ ಯಾರೂ ಉಪವಾಸ ಇರಲ್ಲ" ಅಂದಳು. ಚಿಕ್ಕಮ್ಮ ಅಷ್ಟರಲ್ಲಿ ತಮ್ಮ ಮನೆಗೆ ಹೋಗಿದ್ದರು. ಅವರಿಗೆ ಸೀರೆ ಕೊಟ್ಟು ಕಳಿಸಿದೆವು, ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಈಗ ಎಡ ಮಂಡಿಯ ಮಾತು ನಡೆಯುತ್ತಿದೆ. ಅದೂ ಫೆಬ್ರವರಿಗೇ ಅಂತ ಅಂದುಕೊಂಡಿದ್ದೇವೆ, ಡಾಕ್ಟರು ಒಪ್ಪಬೇಕು. ಕಮೋಡ್, ಪೈಪು, ವಾಕರ್ ಎಲ್ಲ ಇದೆ. ಅದಕ್ಕೂ ಮುಂಚೆ ಚಿಕ್ಕಮ್ಮನ ಕಣ್ಣಿನ ಪೊರೆ ಆಪರೇಷನ್ ಆಗಬೇಕು, ಅಡಿಕೆ ಕೊಯ್ಲು ಶುರುವಾಗುವ ಮೊದಲು. ಅದರ ನಂತರ ಕೆಲವು ವಾರ ಹೊತ್ತು ಹೊತ್ತಿಗೆ ಡ್ರಾಪ್ಸ್ ಹಾಕಬೇಕಂತೆ, ಬಗ್ಗಿ ಭಾರ ಎತ್ತುವ ಹಾಗಿಲ್ಲ, ಒಲೆಯ ಹೊಗೆಯೂ ಕಣ್ಣಿಗೆ ಆಗಲ್ಲ. ಕೊಪ್ಪಕ್ಕೆ ಯಾರು ಹೋಗಿ ಇರುವುದು ಅಂತ ಹೊಸ ಹಾಳೆ ತಗೊಂಡು ಕೂತಾಗ ಅಮ್ಮ, ನಾನು ಹೋಗುತ್ತೇನೆ ಅಂದಳು. ಹಸುವಿನ ಕೆಲಸಕ್ಕೆ ಅದೇ ಪಕ್ಕದ ಮನೆಯವರನ್ನು ಕೇಳಿದ್ದೇವೆ, ಅಡುಗೆ ಮತ್ತು ಡ್ರಾಪ್ಸ್ ಅಮ್ಮನದು.